ರುವಾಂಡದ ಗಚಾಚಾ: ನ್ಯಾಯವೋ, ರಾಜಿಯೋ?

ಪ್ರಶ್ನೆ
1994ರಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ, ಬಹುಪಾಲು ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರು, ಬಹುಸಂಖ್ಯಾತ ಹುಟು ಸಮುದಾಯದ ಉಗ್ರರ ಕೈಯಲ್ಲಿ ಹತರಾದ ಆಫ್ರಿಕಾದ ರುವಾಂಡದಲ್ಲಿ ಕೊಂದವರೂ ಬದುಕುಳಿದವರೂ ಇಂದು ಅಕ್ಕಪಕ್ಕದಲ್ಲೇ ಬೇಸಾಯ ಮಾಡುತ್ತಿದ್ದಾರೆ. ಗಚಾಚಾ ಎಂಬ ಊರ ನ್ಯಾಯಾಲಯಗಳಲ್ಲಿ ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ದೊರೆಯುತ್ತಿತ್ತಂತೆ. ಕೊಲೆಯ ವಿಷಯದಲ್ಲಿ ಇಂಥ ಚೌಕಾಸಿ ಸರಿಯೇ?

ಉತ್ತರ 1
ಅಂದಿನ ಸ್ಥಿತಿಯನ್ನು ನೋಡಬೇಕು. ಜೈಲುಗಳಲ್ಲಿ ಸುಮಾರು 1.2 ಲಕ್ಷ ಆರೋಪಿಗಳು ಕಿಕ್ಕಿರಿದಿದ್ದರು. ನ್ಯಾಯಾಧೀಶರಲ್ಲಿ ಅನೇಕರು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ಆದ್ದರಿಂದ ಹಿಂದೆ ಜಮೀನು, ದನಗಳ ತಂಟೆ ಬಗೆಹರಿಸುತ್ತಿದ್ದ ಹುಲ್ಲುಹಾಸಿನ ಮೇಲೆ ಸೇರುತ್ತಿದ್ದ ಊರ ಪಂಚಾಯಿತಿಗೆ ಕಾನೂನಿನ ರೂಪ ಕೊಟ್ಟರು. ರಾಷ್ಟ್ರಧ್ವಜದ ಬಣ್ಣದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದವರು ಊರವರೇ ಆರಿಸಿದ ಸಾಮಾನ್ಯರು, ಅವರಲ್ಲಿ ಹಲವರು ರೈತರು. 2012ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 19 ಲಕ್ಷ ಪ್ರಕರಣಗಳು ತೀರ್ಮಾನವಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಆಸ್ತಿ ಲೂಟಿಯವು ಎಂಬುದನ್ನು ಜನ ಮರೆಯುತ್ತಾರೆ.

ರಿಯಾಯಿತಿ ಪುಕ್ಕಟೆಯಾಗಿ ಸಿಗುತ್ತಿರಲಿಲ್ಲ. ಯಾರನ್ನು ಕೊಂದೆ, ಜೊತೆಗೆ ಯಾರಿದ್ದರು, ಹೆಣವನ್ನು ಎಲ್ಲಿ ಹಾಕಿದಿರಿ ಎಂಬುದನ್ನು ಊರೆದುರು ಹೇಳಬೇಕಿತ್ತು. ಗಂಡನ ಎಲುಬಾದರೂ ಸಿಕ್ಕರೆ ಮಣ್ಣು ಮಾಡೋಣ ಎಂದು ಕಾದಿದ್ದ ವಿಧವೆಗೆ, ಅಪರಾಧಿಯ ಶಿಕ್ಷೆಯ ಹತ್ತು ವರ್ಷಗಳಿಗಿಂತ ಆ ಮೂರನೆಯ ಉತ್ತರವೇ ದೊಡ್ಡದಾಗಿದ್ದಿರಬಹುದು.

ಉತ್ತರ 2
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಹಳೆಯ ಹಗೆ ತೀರಿಸಿಕೊಳ್ಳಲು ಸುಳ್ಳು ದೂರು ಕೊಟ್ಟವರಿದ್ದರು. ಸಾಕ್ಷಿ ಹೇಳಿದ ತಪ್ಪಿಗೆ ಜೀವ ತೆತ್ತವರೂ ಇದ್ದರು. ಅದಕ್ಕಿಂತ ಮುಖ್ಯವಾಗಿ, ಅಂದಿನ ಅಂತರ್ಯುದ್ಧ ಗೆದ್ದ, ಟುಟ್ಸಿಗಳ ನೇತೃತ್ವದ ಬಂಡಾಯ ಪಡೆಯಾದ ಆರ್‌ಪಿಎಫ್ ಸೈನಿಕರು ಕೊಂದ ಹುಟುಗಳ ವಿಷಯ ಗಚಾಚಾದ ವ್ಯಾಪ್ತಿಗೇ ಬರಲಿಲ್ಲ. ತನ್ನ ಮನೆಯವರ ಸಾವನ್ನು ಅದೇ ಹುಲ್ಲಿನ ಮೇಲೆ ನಿಂತು ಹೇಳಲಾಗದ ಹುಟು ಹೆಂಗಸಿಗೆ ಸಾಮರಸ್ಯವೆಂದರೆ ಬಾಯಿ ಮುಚ್ಚಿಕೊಂಡಿರುವುದೇ ಅಲ್ಲವೇ?

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಹಾಗಾದರೆ ಶಿಕ್ಷೆ ಕಡಿಮೆಯಾಯಿತೇ ಎಂಬುದಕ್ಕಿಂತ, ಹೇಳಬೇಕಾದ್ದನ್ನೆಲ್ಲ ಹೇಳಿದರೇ ಎಂದು ನಾನು ಕೇಳಬೇಕಿತ್ತು.

ಉತ್ತರ 1
ಎಲ್ಲರೂ ಹೇಳಲಿಲ್ಲ. ಗಚಾಚಾ ಮುಗಿದು ಆರು ವರ್ಷಗಳಾದ ಮೇಲೆ, 2018ರಲ್ಲಿ, ರಾಜಧಾನಿ ಕಿಗಾಲಿಯ ಹೊರವಲಯದಲ್ಲಿ ಮನೆಗಳಿದ್ದ ಜಾಗವನ್ನು ಅಗೆದಾಗ ಸಾವಿರಾರು ಜನರ ಅವಶೇಷಗಳು ಸಿಕ್ಕವು. ಅಲ್ಲಿ ಗುಂಡಿಗಳಿರುವುದು ನೆರೆಯವರಲ್ಲಿ ಕೆಲವರಿಗೆ 24 ವರ್ಷಗಳಿಂದ ತಿಳಿದಿತ್ತು.