ಟೈರ್ ‘ಕೂರುವುದು’, ‘ಹಿಡಿಸುವುದು’, ‘ಅಳವಡುವುದು’: ಮೂರೂ ಒಂದೇ ಏನು?

ಗೆಳೆಯರೇ,

ಒಂದೇ ಒಂದು ಸಾಲು ನಾಲ್ಕು ದಿನಗಳಿಂದ ನನ್ನನ್ನು ಕಾಡುತ್ತಿದೆ. ಹಳೆಯ ಮಿನಿ ಟ್ರಕ್ ಇಟ್ಟುಕೊಂಡು, ಸಣ್ಣಪುಟ್ಟ ರಿಪೇರಿಯನ್ನು ತಾವೇ ಮಾಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಟೈರ್‌ಗಳ ಅಧ್ಯಾಯದಲ್ಲಿ ಹೀಗೆ ಬರೆದಿದ್ದೆ: ‘12 ಇಂಚಿನ ಚಕ್ರವಿರುವ ಈ ಗಾಡಿಗೆ 13 ಇಂಚಿನ ದೊಡ್ಡ ಟೈರ್‌ಗಳನ್ನೂ ಅಳವಡಿಸಬಹುದು.’ ಕರಡು ಓದಿದ ಚಾಲಕರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಗೀಚಿ ಕಳುಹಿಸಿದರು: ‘ಅಳವಡಿಸಬಹುದು ಎಂದರೆ ಹಾಕುವುದಕ್ಕೆ ಬರುತ್ತದೆ ಎಂದೋ, ಹಾಕಿದ ಮೇಲೆ ಓಡುತ್ತದೆ ಎಂದೋ?’

ನನ್ನ ಬಳಿ ಉತ್ತರವಿರಲಿಲ್ಲ. ‘ಅಳವಡಿಸು’ ಎಂದು ಬರೆದಾಗ ನಾನು ಏನನ್ನೂ ಯೋಚಿಸಿರಲಿಲ್ಲ ಎನ್ನುವುದೇ ನಿಜ. ಫ್ಯಾನ್ ಅಳವಡಿಸುತ್ತೇವೆ, ಕ್ಯಾಮೆರಾ ಅಳವಡಿಸುತ್ತೇವೆ, ತಂತ್ರಾಂಶ ಅಳವಡಿಸುತ್ತೇವೆ. ಪ್ರಕಟಣೆಗಳ ಕನ್ನಡದಲ್ಲಿ ಯಾವುದನ್ನು ಎಲ್ಲಿಗೆ ಸಿಕ್ಕಿಸಿದರೂ ಅದು ಅಳವಡಿಕೆಯೇ. ಬೆರಳು ತಾನಾಗಿಯೇ ಟೈಪಿಸುವ ಪದ ಅದು.

‘ಬಹುದು’ ಕೂಡ ಕಡಿಮೆ ತುಂಟನಲ್ಲ. ಸಾಧ್ಯ, ಅನುಮತಿಯಿದೆ, ಮಾಡಿದರೆ ತೊಂದರೆಯಿಲ್ಲ, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಜಾರಿಕೊಳ್ಳುತ್ತದೆ. ಅದರ ಜಗಳ ಇನ್ನೊಮ್ಮೆ.

ಪೆನ್ಸಿಲಿನ ಪ್ರಶ್ನೆಗೆ ಉತ್ತರ ಹುಡುಕಲು ಗಾಡಿಯ ಹತ್ತಿರವೇ ಹೋದೆ. ಬಹಳ ವರ್ಷ ಕೆಲಸ ಮಾಡಿದ ಮೆಕ್ಯಾನಿಕ್ ಒಬ್ಬರು ಜೊತೆಗಿದ್ದರು. ಜಾಕ್ ಕೊಟ್ಟು ಮುಂದಿನ ಎಡಚಕ್ರ ಬಿಚ್ಚಿ, ಎರವಲು ತಂದ 13 ಇಂಚಿನ ಚಕ್ರವನ್ನು ಅಚ್ಚಿನ ತುದಿಯ ಹಬ್‌ಗೆ ತೊಡಿಸಿದರು. ನಾಲ್ಕೂ ಬೋಲ್ಟ್‌ಗಳು ತೂತುಗಳಲ್ಲಿ ಸರಿಯಾಗಿ ಬಂದವು. ನಟ್ ಬಿಗಿದು ಜಾಕ್ ಇಳಿಸಿ, ‘ನೋಡಿ ಸ್ವಾಮಿ, ಕೂತಿತು’ ಎಂದರು. ನಾನು ಹಿಗ್ಗಿದೆ. ಅವರು ಮಾತಾಡದೆ ಟೈರಿನ ಅಂಚಿಗೆ ಸುತ್ತಲೂ ಸೀಮೆಸುಣ್ಣ ಬಳಿದು, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಗಾಡಿಯನ್ನು ಎರಡು ಮಾರು ಮುಂದಕ್ಕೆ ಬಿಡಲು ಹೇಳಿದರು. ಚಕ್ರದ ಗೂಡಿನ ಒಳಗಿನಿಂದ ‘ಸರ್ರ್’ ಎಂದು ಒಂದು ಸದ್ದು. ಇಳಿದು ಬಗ್ಗಿ ನೋಡಿದರೆ ಗೂಡಿನ ಹಿಂಬದಿಯ ತಗಡಿನ ಮಡಿಕೆಯ ಮೇಲೆ ಹೆಬ್ಬೆರಳಿನಷ್ಟು ಉದ್ದದ ಬಿಳಿ ಗೆರೆ. ಅದನ್ನು ಬೆರಳಿನಿಂದ ಒರೆಸುತ್ತಾ ಅವರು ಹೇಳಿದರು: ‘ಕೂತಿದೆ, ಆದರೆ ಹಿಡಿಸುವುದಿಲ್ಲ.’

ನನ್ನ ಚರ್ಚೆಯ ಮೂಲ ಈ ಎರಡು ಮಾತು.

‘ಕೂರು’ ಎಂದರೆ ಇಲ್ಲಿ ಜೋಡಣೆ ಸರಿಯಾಗುವುದು. ಬೋಲ್ಟ್‌ಗಳ ಸಂಖ್ಯೆ, ಅವು ಕೂರುವ ವೃತ್ತದ ಅಳತೆ, ನಡುವಿನ ತೂತು, ಇವಿಷ್ಟು ಹೊಂದಿದರೆ ಚಕ್ರ ಕೂರುತ್ತದೆ. ‘ಹಿಡಿಸು’ ಎಂದರೆ ಇರುವ ಜಾಗದೊಳಗೆ ಇಡೀ ವಸ್ತು ಅಡಗುವುದು. ಪೆಟ್ಟಿಗೆಯಲ್ಲಿ ಬಟ್ಟೆ ಹಿಡಿಸುತ್ತದೆ, ಕಾಲಿಗೆ ಚಪ್ಪಲಿ ಹಿಡಿಸುತ್ತದೆ. ಚಕ್ರ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಮುಂದಿನದು ಎಡಬಲಕ್ಕೆ ಹೊರಳುತ್ತದೆ, ಹಿಂದಿನದು ಹೇರು ಬಿದ್ದಾಗ ಕಮಾನುಪಟ್ಟಿಯ ಜೊತೆ ಮೇಲಕ್ಕೆ ಏಳುತ್ತದೆ. ಖಾಲಿ ಗಾಡಿಯಲ್ಲಿ ಚೆನ್ನಾಗಿ ಹಿಡಿಸಿದ ಹಿಂದಿನ ಟೈರ್, ಸರಕು ತುಂಬಿ ಗುಂಡಿಗೆ ಇಳಿದ ಕೂಡಲೇ ಸರಕು ಹೇರುವ ಹಲಗೆಯ ತಳಕ್ಕೆ ತಾಗಬಹುದು. ಎಲ್ಲ ಭಂಗಿಗಳಲ್ಲೂ ಹಿಡಿಸಿದರೆ ಮಾತ್ರ ಹಿಡಿಸಿತು ಎನ್ನಬೇಕು.

ಎಷ್ಟು ದೊಡ್ಡದಾದರೆ ಏನಾಗುತ್ತದೆ ಎಂದು ತಿಳಿಯಲು ಲೆಕ್ಕ ಹಾಕಿದೆ. ಗಾಡಿಯ ಮೂಲ ಟೈರಿನ ಮೇಲಿರುವ 145/80 ಆರ್ 12 ಎಂಬ ಬರಹದಲ್ಲಿ 145 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 80. ‘ಆರ್’ ರೇಡಿಯಲ್ (ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ ಟೈರ್) ಎಂಬುದರ ಗುರುತು. 12 ಎಂದರೆ ರಿಮ್ಮಿನ ವ್ಯಾಸ, ಅದು ಮಾತ್ರ ಇಂಚುಗಳಲ್ಲಿ. (ಒಂದೇ ಸಾಲಿನಲ್ಲಿ ಎರಡು ಅಳತೆಪದ್ಧತಿ. ಇದನ್ನು ರೂಢಿಗೆ ತಂದವರನ್ನು ಪದಚರ್ಚೆಗೆ ಕರೆತರಬೇಕು!) ಪಕ್ಕೆ 116 ಮಿ.ಮೀ., ಅದು ಮೇಲೂ ಕೆಳಗೂ ಸೇರಿ 232, ರಿಮ್ 304.8, ಒಟ್ಟು ವ್ಯಾಸ ಸುಮಾರು 537 ಮಿ.ಮೀ. ಇದರ ಬದಲು 155/80 ಆರ್ 13 ಹಾಕಿದರೆ ವ್ಯಾಸ ಸುಮಾರು 578 ಮಿ.ಮೀ. ಹೆಚ್ಚಿದ್ದು 41 ಮಿ.ಮೀ. ಆದರೂ ಅಚ್ಚು ನೆಲದಿಂದ ಮೇಲೇಳುವುದು ಅದರ ಅರ್ಧ, ಎರಡು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಉಳಿದರ್ಧ ಚಕ್ರದ ಗೂಡಿನ ಒಳಕ್ಕೆ ನುಗ್ಗುತ್ತದೆ. ಬಿಳಿ ಗೆರೆ ಬಿದ್ದದ್ದು ಆ ಅರ್ಧದಿಂದ.

ಈ ಲೆಕ್ಕ ಮಾಡುವಾಗಲೇ ನನ್ನ ‘ದೊಡ್ಡ ಟೈರ್’ ಎಂಬ ಪ್ರಯೋಗವೂ ಅಲುಗಾಡಿತು. ಯಾವುದು ದೊಡ್ಡದು? ರಿಮ್ಮೋ, ಅಗಲವೋ, ಒಟ್ಟು ಎತ್ತರವೋ? ರಿಮ್ ಒಂದಿಂಚು ದೊಡ್ಡದಾಗಿ, ಪಕ್ಕೆ ಗಿಡ್ಡವಾಗಿ, ಕೊನೆಗೆ ಟೈರಿನ ಎತ್ತರ ಮೊದಲಿದ್ದಷ್ಟೇ ಉಳಿಯುವುದುಂಟು. ಅದನ್ನೂ ಜನ ‘ದೊಡ್ಡ ಟೈರ್’ ಎನ್ನುತ್ತಾರೆ. ಮಾತಿನಲ್ಲಿ ‘ದಪ್ಪ ಟೈರ್’ ಎನ್ನುವುದು ಹೆಚ್ಚಾಗಿ ಅಗಲವನ್ನು. ಅಗಲ ಎಂದು ನೇರವಾಗಿ ಬರೆದರೆ ಗೊಂದಲವಿಲ್ಲ ಎಂದು ನನ್ನ ಎಣಿಕೆ. ಆದರೆ ‘ಎತ್ತರದ ಟೈರ್’ ಎಂದು ಬರೆದರೆ ಓದುಗರು ಏಣಿ ಹುಡುಕಬಹುದು.

ಇಷ್ಟಕ್ಕೇ ಮುಗಿಯುವುದಿಲ್ಲ. ಟೈರ್ ಕೂತು, ಎಲ್ಲ ಭಂಗಿಯಲ್ಲೂ ಹಿಡಿಸಿದರೂ ಗಾಡಿಗೆ ಸಲ್ಲದೇ ಹೋಗಬಹುದು. ಹಳೆಯ ಮಿನಿ ಟ್ರಕ್‌ಗಳ ಎಂಜಿನ್ ಚಿಕ್ಕದು. ಜಪಾನಿನ ಕೆಯ್ ಎಂಬ ಅತಿ ಚಿಕ್ಕ ಗಾಡಿಗಳ ವರ್ಗದಲ್ಲಿ 1976ರವರೆಗೆ 360 ಸಿಸಿ, 1990ರವರೆಗೆ 550 ಸಿಸಿ, ಆಮೇಲೆ 660 ಸಿಸಿ ಮಿತಿ. ಮೇಲಿನ ಟೈರ್ ಒಂದು ಸುತ್ತಿಗೆ ಶೇ 7.7ರಷ್ಟು ಹೆಚ್ಚು ದೂರ ಹೋಗುತ್ತದೆ. ಅಂದರೆ ಅದೇ ಎಂಜಿನ್ ಅದೇ ಗೇರಿನಲ್ಲಿ ಸುಮಾರು ಶೇ 7ರಷ್ಟು ಕಡಿಮೆ ಎಳೆಯುತ್ತದೆ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಹೋಗುತ್ತಿದ್ದ ಗಾಡಿ ಎರಡಕ್ಕೆ ಇಳಿಯಬೇಕಾದೀತು. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 64ಕ್ಕೂ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತದೆ, ಓಡಿದ ಕಿಲೋಮೀಟರು ಮಾತ್ರ ಕಡಿಮೆ ಬೀಳುತ್ತದೆ. ಬ್ರೇಕಿನದು ಇನ್ನೂ ಮುಖ್ಯ. ಡ್ರಮ್ ಹಿಡಿಯುವ ಬಿಗಿ ಅಷ್ಟೇ ಇದ್ದು ಟೈರಿನ ಹೊರಸುತ್ತು ದೂರವಾದ್ದರಿಂದ, ಗಾಡಿ ನಿಲ್ಲಿಸಲು ಪೆಡಲನ್ನು ಮೊದಲಿಗಿಂತ ಗಟ್ಟಿಯಾಗಿ ಒತ್ತಬೇಕು. ಹಳೆಯ ಬ್ರೇಕ್, ತುಂಬಿದ ಹೇರು, ಇಳಿಜಾರು ಸೇರಿದರೆ ಇದು ಪದಚರ್ಚೆಯಾಗಿ ಉಳಿಯುವುದಿಲ್ಲ.

ಹೀಗೆ ಗಾಡಿಯ ಸ್ವಭಾವಕ್ಕೆ ಹೊಂದುವುದನ್ನು ಏನೆನ್ನೋಣ? ‘ಒಗ್ಗು’ ಎಂಬುದು ಮೊದಲು ಹೊಳೆಯಿತು. ಹವೆ ಒಗ್ಗುತ್ತದೆ, ಔಷಧ ಒಗ್ಗುತ್ತದೆ. ಆದರೆ ಒಗ್ಗುವುದರಲ್ಲಿ ಕಾಲಕ್ರಮೇಣ ಅಭ್ಯಾಸವಾಗುವ ಅರ್ಥವೂ ಇದೆ. ‘ಒಗ್ಗುವುದಿಲ್ಲ’ ಎಂದರೆ ಯಾರಾದರೂ ‘ನಾಲ್ಕು ದಿನ ಓಡಿಸಿದರೆ ಒಗ್ಗುತ್ತದೆ ಬಿಡಿ’ ಎಂದಾರು. ಬ್ರೇಕ್ ಹಾಗೆ ಒಗ್ಗುವುದಿಲ್ಲ. ‘ಹೊಂದು’ ಸರಿಯೇ, ಆದರೆ ಸಪ್ಪೆ. ‘ಸಲ್ಲು’ ಚೆನ್ನಾಗಿದೆ, ಕೊಂಚ ಗಂಭೀರ.

ಕೊನೆಗೆ ತಿರುಗಿ ಬಂದದ್ದು ನಾನು ಬೈದ ಪದಕ್ಕೇ. ಅಳವಡಿಸು ಎಂಬುದರ ಒಳಗೆ ‘ಅಳವಡು’ ಇದೆ. ಅದನ್ನು ಬಿಡಿಸಿದರೆ ‘ಅಳವು’ ಮತ್ತು ‘ಪಡು’. ಅಳವು ಎಂದರೆ ಅಳತೆ, ಶಕ್ತಿ, ಸಾಧ್ಯತೆ. ಅಳವಡು ಎಂದರೆ ಅಳತೆಗೆ ಬರುವುದು, ತಕ್ಕುದಾಗುವುದು, ಕೈಗೂಡುವುದು. ವಚನಗಳಲ್ಲಿ ‘ಅಳವಡದು’ ಎಂಬ ರೂಪ ಓದಿದವರಿಗೆ ನೆನಪಿರಬೇಕು. ಅಲ್ಲಿ ಅದು ಯಾವುದನ್ನೂ ಎಲ್ಲಿಗೂ ಸಿಕ್ಕಿಸುವ ಮಾತಲ್ಲ, ಒಂದು ಇನ್ನೊಂದಕ್ಕೆ ಒದಗಿಬರುವ ಮಾತು. ಹಾಗಾದರೆ ‘ಅಳವಡಿಸು’ ಎಂದರೆ ಬರಿದೇ ಹಾಕುವುದಲ್ಲ, ಅಳತೆಗೆ ಬರುವಂತೆ ಮಾಡುವುದು. ಟೈರಿನ ಮಟ್ಟಿಗೆ ಇದಕ್ಕಿಂತ ನಿಖರವಾದ ಪದ ನನಗಂತೂ ಸಿಕ್ಕಿಲ್ಲ. ಗೂಡಿನ ಮಡಿಕೆ ಸರಿಪಡಿಸಿ, ಟೈರಿನ ಮೇಲೆ ಬರೆದಿರುವ ಭಾರ ತಾಳುವ ಸಂಖ್ಯೆ (ಲೋಡ್ ಇಂಡೆಕ್ಸ್) ಮೂಲ ಟೈರಿಗಿಂತ ಕಡಿಮೆಯಿಲ್ಲವೆಂದು ಖಚಿತಪಡಿಸಿಕೊಂಡು, ಮೀಟರ್ ತಿದ್ದಿಸಿ, ಬ್ರೇಕ್ ನೋಡಿಸಿ, ಆಮೇಲೆ ಹಾಕಿದರೆ ಅದು ಅಳವಡಿಕೆ. ಉಳಿದದ್ದು ಹಾಕುವಿಕೆ.

ತೊಡಕು ಏನೆಂದರೆ ಇಂದಿನ ಓದುಗರಿಗೆ ಅಳವಡಿಸು ಎಂದರೆ ಹಾಕು ಎಂದೇ. ಸಕರ್ಮಕ ರೂಪ ಸವೆದಿದೆ, ಅಕರ್ಮಕ ರೂಪ ಮರೆತುಹೋಗಿದೆ. ‘ಈ ಟೈರ್ ಈ ಗಾಡಿಗೆ ಅಳವಡುವುದಿಲ್ಲ’ ಎಂದು ಬರೆದರೆ ಅಚ್ಚಿನ ತಪ್ಪು ಎಂದು ತಿದ್ದಿಬಿಡುವ ಸಂಪಾದಕರೇ ಹೆಚ್ಚು. ಆ ರೂಪವನ್ನು ಮತ್ತೆ ಚಲಾವಣೆಗೆ ತರುವುದು ಹುಚ್ಚುತನವೇ?

‘ತೊಡಿಸು’ ಬಗ್ಗೆಯೂ ಒಂದು ಮಾತು. ಮೆಕ್ಯಾನಿಕ್ ಚಕ್ರವನ್ನು ಹಬ್‌ಗೆ ‘ತೊಡಿಸಿದರು’ ಎಂದು ಮೇಲೆ ಬರೆದಿದ್ದೇನೆ. ಟೈರನ್ನು ರಿಮ್ಮಿಗೆ ಹಾಕುವುದಕ್ಕೂ ಅದೇ ಪದ ಇರಲಿ ಎಂದು ನನ್ನ ಆಸೆ. ಇಂಗ್ಲಿಷಿನ ಟೈರ್ ಎಂಬ ಪದವೇ ಉಡುಪು ಎಂಬರ್ಥದ ಪದದ ಮೊಟಕು ರೂಪ, ಗಾಲಿಗೆ ತೊಡಿಸಿದ ಬಟ್ಟೆ ಎಂಬ ಭಾವದ್ದು ಎಂದು ಪದಚರಿತ್ರೆ ಬಲ್ಲವರು ಹೇಳುತ್ತಾರೆ. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮದು ‘ಹಳಿ’. ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ನೀರು ಹೊಯ್ದು ಕುಗ್ಗಿಸುತ್ತಿದ್ದರು. ಆ ಹಳಿ ಒಂದು ಬೆರಳು ದೊಡ್ಡದಾದರೂ ಕಳಚಿ ಬೀಳುತ್ತಿತ್ತು, ಹಾಗಾಗಿ ‘ದೊಡ್ಡ ಹಳಿ ಹಾಕಿಸೋಣ’ ಎಂಬ ಚರ್ಚೆಗೇ ಆಸ್ಪದವಿರಲಿಲ್ಲ. ಟೈರನ್ನು ‘ಹಳಿ’ ಎಂದು ಕರೆಯೋಣ ಎಂದು ನಾನು ಹೇಳುತ್ತಿಲ್ಲ. ಆ ಪದವನ್ನು ರೈಲು ತೆಗೆದುಕೊಂಡು ಹೋಗಿದೆ.

ನಿಮ್ಮಿಂದ ನನಗೆ ಬೇಕಾದದ್ದು ಎರಡು. ಟೈರ್ ಗೂಡಿಗೆ ತಗಲುವುದನ್ನು ನಿಮ್ಮ ಕಡೆ ಏನೆನ್ನುತ್ತಾರೆ? ಗುಂಡಿಯಲ್ಲಿ ಒಮ್ಮೆ ಮುಟ್ಟಿ ಬಿಡುವುದಕ್ಕೆ ‘ತಾಗು’, ತಿರುವಿನಲ್ಲಿ ಬಿಡದೆ ಸವರುವುದಕ್ಕೆ ‘ಉಜ್ಜು’, ರಬ್ಬರನ್ನು ಕಿತ್ತು ತೆಗೆಯುವುದಕ್ಕೆ ‘ತರಚು’ ಎಂದು ನಾನು ಬೇರ್ಪಡಿಸಿದ್ದೇನೆ. ಮೊದಲನೆಯದಕ್ಕೆ ಎಚ್ಚರಿಕೆ ಸಾಕು, ಎರಡನೆಯದಕ್ಕೆ ಸರಿಪಡಿಸಬೇಕು, ಮೂರನೆಯದಕ್ಕೆ ಗಾಡಿ ನಿಲ್ಲಿಸಬೇಕು. ಹೀಗಾಗಿ ಪದ ತಪ್ಪಿದರೆ ಸಲಹೆಯೂ ತಪ್ಪುತ್ತದೆ. ಟೈರಿಗೂ ಗೂಡಿಗೂ ನಡುವಿನ ಜಾಗಕ್ಕೆ ‘ತೆರಪು’ ಎಂದು ಬರೆದಿದ್ದೇನೆ. ಮೆಕ್ಯಾನಿಕ್ ಮಾತ್ರ ‘ಎರಡು ಬೆರಳು ಸಂದು ಬೇಕು’ ಎಂದರು, ಬೆರಳು ತೂರಿಸಿಯೂ ತೋರಿಸಿದರು. ಸಂದು ಎಂಬುದರಲ್ಲಿ ಇಕ್ಕಟ್ಟಿನ ಛಾಯೆ ಇದೆ ಎಂದು ನನ್ನ ಅನುಮಾನ. ಅವರಿಗೆ ಆ ಅನುಮಾನವಿಲ್ಲ. ಇವೆರಡರಲ್ಲಿ ನಿಮ್ಮ ಆಯ್ಕೆ ಯಾವುದು?

ಸದ್ಯಕ್ಕೆ ಸಾಲನ್ನು ಹೀಗೆ ತಿದ್ದಿ ಪೆನ್ಸಿಲಿನವರಿಗೆ ಮರಳಿ ಕಳುಹಿಸಿದ್ದೇನೆ: ‘ಈ ಗಾಡಿಗೆ 13 ಇಂಚಿನ ಚಕ್ರ ಕೂರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹೇರು ತುಂಬಿ ನೋಡುವವರೆಗೆ ಅದು ಹಿಡಿಸಿತು ಎನ್ನಬೇಡಿ. ಹಿಡಿಸಿದರೂ, ಬ್ರೇಕ್ ಮತ್ತು ಎಳೆತ ಪರೀಕ್ಷಿಸುವವರೆಗೆ ಅಳವಟ್ಟಿತು ಎನ್ನಬೇಡಿ.’ ಉತ್ತರ ನಿನ್ನೆ ಬಂತು. ಮೊದಲ ಎರಡು ವಾಕ್ಯಗಳ ಪಕ್ಕದಲ್ಲಿ ಸರಿ ಗುರುತು ಇದೆ. ‘ಅಳವಟ್ಟಿತು’ ಎಂಬುದರ ಕೆಳಗೆ ಗೆರೆ ಎಳೆದು ಒಂದು ಪ್ರಶ್ನಾರ್ಥಕ ಚಿಹ್ನೆ.