ಓಪಿಎನ್‌ಸೆನ್ಸ್‌ಗೆ ಹಳೇ ಡೆಸ್ಕ್‌ಟಾಪ್ ಸಾಕಾ?

ಪ್ರಶ್ನೆ:
ದಾವಣಗೆರೆಯಲ್ಲಿ ನಮ್ಮದು ಹದಿನೈದು ಜನರ ಆಡಿಟ್ ಆಫೀಸು. 300 ಎಂಬಿಪಿಎಸ್ ಫೈಬರ್, ಪಿಪಿಪಿಒಇ ಲಾಗಿನ್ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗುವುದು). ನಾಲ್ಕನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ಒಂದು ಸುಮ್ನೆ ಬಿದ್ದಿದೆ, 8 ಜಿಬಿ ರ‍್ಯಾಮ್, ಒಂದೇ ರಿಯಲ್‌ಟೆಕ್ ನೆಟ್‌ವರ್ಕ್ ಪೋರ್ಟ್. ಓಪಿಎನ್‌ಸೆನ್ಸ್ (ಫೈರ್‌ವಾಲ್-ರೌಟರ್ ಸಾಫ್ಟ್‌ವೇರ್) ಇದಕ್ಕೇ ಹಾಕಲಾ, ಇಂಟೆಲ್ ಎನ್100 ಪ್ರೊಸೆಸರ್‌ನ ಮಿನಿ ಪಿಸಿ ತಗೊಳ್ಳಲಾ? ಇಬ್ಬರು ಮನೆಯಿಂದ ವಿಪಿಎನ್‌ನಲ್ಲಿ ಬರುತ್ತಾರೆ.

ಉತ್ತರ 1:
ಪ್ರೊಸೆಸರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಸರ್. 300ಕ್ಕೆ ಆ ಐ5 ಧಾರಾಳ, ವಿಪಿಎನ್‌ಗೆ ನೆರವಾಗುವ ಎಇಎಸ್-ಎನ್‌ಐ (ಎನ್‌ಕ್ರಿಪ್ಷನ್ ವೇಗವಾಗಿ ಮಾಡುವ ಸೌಲಭ್ಯ) ಕೂಡ ಇದೆ. ಕಿರಿಕಿರಿ ಇರುವುದು ರಿಯಲ್‌ಟೆಕ್‌ನದ್ದು. ಓಪಿಎನ್‌ಸೆನ್ಸ್ ನಡೆಯುವುದು ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ ಮೇಲೆ. ಅಲ್ಲಿ ಅದರ ಡ್ರೈವರ್ ಲೋಡ್ ಬಿದ್ದಾಗ ಕೈಕೊಡುವುದುಂಟು. ಎರಡು ಪೋರ್ಟಿನ (ಒಂದು ಇಂಟರ್‌ನೆಟ್‌ಗೆ, ಒಂದು ಆಫೀಸಿಗೆ) ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ಹಾಕಿ. ಸರ್ವರ್‌ನಿಂದ ಬಿಚ್ಚಿದ್ದಾದರೆ ಒಳ್ಳೆಯದು. ಹೊಸದು ಅಂತ ತೀರಾ ಅಗ್ಗಕ್ಕೆ ಕೊಟ್ಟರೆ ನಕಲಿ ಇರಬಹುದು, ನೋಡಿಕೊಳ್ಳಿ.

ಉತ್ತರ 2:
ಕರೆಂಟ್ ಲೆಕ್ಕ ಯಾರೂ ಹಾಕಲ್ಲ ಅಲ್ವಾ? ಡೆಸ್ಕ್‌ಟಾಪ್ ದಿನವಿಡೀ 40 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 29 ಯೂನಿಟ್. ಮಿನಿ ಪಿಸಿ 10 ವ್ಯಾಟ್ ಎಳೆದರೆ ಏಳೇ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಎನ್100 ವಾಸಿ. ಫ್ಯಾನ್ ಇಲ್ಲದ್ದನ್ನು ಮಾತ್ರ ಮುಚ್ಚಿದ ಬೀರುವಿನಲ್ಲಿ ಇಡಬೇಡಿ.

ಪ್ರಶ್ನೆ ಕೇಳಿದವರು:
ಸದ್ಯಕ್ಕೆ ಕಾರ್ಡ್ ಹಾಕಿಯೇ ನೋಡುತ್ತೇನೆ. ಯಜಮಾನರು ಹೊಸ ಪೆಟ್ಟಿಗೆಗೆ ದುಡ್ಡು ಬಿಚ್ಚಲ್ಲ! ನಮ್ಮದು ಸಣ್ಣ ಕ್ಯಾಬಿನೆಟ್. ಗಿಡ್ಡ ಪಟ್ಟಿ (ಲೋ-ಪ್ರೊಫೈಲ್ ಬ್ರಾಕೆಟ್) ಇರುವ ಐ350 ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದಾ?