ದೂರದ ಸ್ವಿಚ್‌ನಲ್ಲಿ ಟ್ರಂಕ್ ಪೋರ್ಟ್ ಬದಲಿಸುವ ಮುಂಚೆ ಏನು ನೋಡಿಕೊಳ್ಳಬೇಕು?

ದಾವಣಗೆರೆ_ಲ್ಯಾಬ್:
ನಮಸ್ಕಾರ. ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹಾಸ್ಟೆಲ್ ಬ್ಲಾಕಿನಲ್ಲಿ ಸಿಸ್ಕೋ 2960 ಸ್ವಿಚ್ ಇದೆ. ಅಲ್ಲಿಗೆ ಹೊಸ ಕ್ಯಾಮೆರಾಗಳು ಬಂದಿವೆ, ಅವಕ್ಕೆ ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) 30 ಬೇಕು. ಈಗ ಟ್ರಂಕ್‌ನಲ್ಲಿ, ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಲಿಂಕ್‌ನಲ್ಲಿ, 10 ಮತ್ತು 20 ಮಾತ್ರ ಬಿಟ್ಟಿದ್ದೇವೆ. ಸ್ವಿಚ್‌ನ ಮ್ಯಾನೇಜ್‌ಮೆಂಟ್ ಐಪಿ (ನಾವು ಲಾಗಿನ್ ಆಗುವ ವಿಳಾಸ) ವಿಲ್ಯಾನ್ 10ರಲ್ಲೇ ಇದೆ. ಆ ರೂಮಿನ ಕೀ ವಾರ್ಡನ್ ಹತ್ತಿರ, ಅವರು ಸೋಮವಾರದವರೆಗೆ ಊರಲ್ಲಿಲ್ಲ. ಎಸ್‌ಎಸ್‌ಎಚ್‌ನಲ್ಲೇ (ದೂರದಿಂದ ಲಾಗಿನ್ ಆಗಿ) ಕೆಲಸ ಮುಗಿಸಬೇಕು. ನಾಡಿದ್ದು ಹುಡುಗರಿಗೆ ಆನ್‌ಲೈನ್ ಟೆಸ್ಟ್ ಇದೆ, ಲಿಂಕ್ ಹೋದರೆ ತುಂಬಾ ಕಷ್ಟ. ಯಾವುದರ ಬಗ್ಗೆ ಹುಷಾರಾಗಿರಬೇಕು?

ಕನ್ಸೋಲ್_ಕೇಬಲ್:
ಸರ್, ಎಲ್ಲಕ್ಕಿಂತ ಮುಂಚೆ 'ರೀಲೋಡ್ ಇನ್ 10' ಕೊಡಿ. ಹತ್ತು ನಿಮಿಷದಲ್ಲಿ ಸ್ವಿಚ್ ತಾನಾಗೇ ರೀಬೂಟ್ ಆಗುತ್ತದೆ. ನೀವು ಮಾಡಿದ ಬದಲಾವಣೆ ರನ್ನಿಂಗ್ ಕಾನ್ಫಿಗ್‌ನಲ್ಲಷ್ಟೇ (ಈಗ ಓಡುತ್ತಿರುವ ಸೆಟ್ಟಿಂಗ್) ಇರುತ್ತದೆ, ಬೂಟ್ ಆಗುವಾಗ ಓದುವ ಸ್ಟಾರ್ಟಪ್ ಕಾನ್ಫಿಗ್ ಹಳೆಯದೇ. ಕನೆಕ್ಷನ್ ಕಡಿದರೂ ಕಾಯ್ದರೆ ಸಾಕು, ಹಳೇ ಸೆಟ್ಟಿಂಗ್ ವಾಪಸ್ ಬರುತ್ತದೆ. ಎಲ್ಲ ಸರಿ ಇದ್ದರೆ 'ರೀಲೋಡ್ ಕ್ಯಾನ್ಸಲ್' ಕೊಟ್ಟು, ಆಮೇಲೆ 'ರೈಟ್ ಮೆಮೊರಿ' ಕೊಟ್ಟು ಸೇವ್ ಮಾಡಿ. ಸೇವ್ ಮೊದಲೇ ಮಾಡಿಬಿಟ್ಟರೆ ಈ ಏರ್ಪಾಡಿಗೆ ಅರ್ಥವೇ ಇಲ್ಲ.

ಇನ್ನು ಕಮಾಂಡ್. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30' ಅಂತಲೇ ಹೊಡೆಯಬೇಕು. 'ಆ್ಯಡ್' ಬಿಟ್ಟರೆ ಹಳೇ ಪಟ್ಟಿ ಅಳಿಸಿ 30 ಒಂದೇ ಉಳಿಯುತ್ತದೆ. ನಿಮ್ಮ 10 ಹೋಯಿತು ಅಂದರೆ ನೀವೂ ಹೊರಗೆ, ಹಾಸ್ಟೆಲ್ಲೂ ಹೊರಗೆ. ಎಂಟರ್ ಒತ್ತುವ ಮುಂಚೆ ಆ ಒಂದು ಪದ ಇದೆಯಾ ಅಂತ ದಯವಿಟ್ಟು ನೋಡಿ.

ಮಲೆನಾಡು_ನೆಟ್:
ಮೇಲಿನದು ಸರಿಯಾದ ಮಾತು. ಒಂದು ಸೇರಿಸುತ್ತೇನೆ: ರೀಲೋಡ್ ಆದರೆ ಎಲ್ಲ ಪೋರ್ಟ್‌ಗಳೂ ಕೆಲವು ನಿಮಿಷ ಬಿದ್ದಿರುತ್ತವೆ. ಹಾಗಾಗಿ ಟೆಸ್ಟ್ ದಿನ ಬೇಡ, ಇವತ್ತು ರಾತ್ರಿ ಮಾಡಿ. ಟ್ರಂಕ್‌ನ ಇನ್ನೊಂದು ತುದಿಯ ಕೋರ್ ಸ್ವಿಚ್ (ಕಾಲೇಜಿನ ಮುಖ್ಯ ಸ್ವಿಚ್) ನಿಮ್ಮ ಪಕ್ಕದಲ್ಲೇ ಇದೆ ಅಲ್ವಾ? ಅದಕ್ಕೆ ರೀಲೋಡ್ ಟೈಮರ್ ಹಾಕಬೇಡಿ, ಸುಮ್ನೆ ಇಡೀ ಕಾಲೇಜು ನಿಲ್ಲುತ್ತದೆ. ಅಲ್ಲಿಗೆ ಸ್ವಿಚ್‌ಗೆ ನೇರವಾಗಿ ಸಿಕ್ಕಿಸುವ ಕನ್ಸೋಲ್ ಕೇಬಲ್ ಸಾಕು.

ದಾವಣಗೆರೆ_ಲ್ಯಾಬ್:
ರಾತ್ರಿಯೇ ಶುರು ಮಾಡಿದೆ. ಎರಡೂ ಕಡೆ ಆ್ಯಡ್ ಆಯಿತು, ಲಿಂಕ್ ಚೆನ್ನಾಗಿದೆ. ಆದರೆ ಕ್ಯಾಮೆರಾಗೆ ಐಪಿ ಬರುತ್ತಿಲ್ಲ. ಟೈಮರ್ ಇನ್ನೂ ಓಡುತ್ತಿದೆ.

ಕನ್ಸೋಲ್_ಕೇಬಲ್:
10, 20 ಸರಿಯಾಗಿ ಹೋಗುತ್ತಿದ್ದರೆ ಮೊದಲು ಟೈಮರ್ ಕ್ಯಾನ್ಸಲ್ ಮಾಡಿ. ಆಮೇಲೆ ಹಾಸ್ಟೆಲ್ ಸ್ವಿಚ್‌ನಲ್ಲಿ 'ಶೋ ಇಂಟರ್‌ಫೇಸಸ್ ಟ್ರಂಕ್' ಕೊಡಿ. 'ಅಲೌಡ್' ಪಟ್ಟಿಯಲ್ಲಿ 30 ಇದೆ, ಅದರ ಕೆಳಗಿನ 'ಅಲೌಡ್ ಆ್ಯಂಡ್ ಆ್ಯಕ್ಟಿವ್' ಪಟ್ಟಿಯಲ್ಲಿ ಇಲ್ಲ ಅಂದರೆ ಆ ಸ್ವಿಚ್‌ನಲ್ಲಿ ವಿಲ್ಯಾನ್ 30 ಹುಟ್ಟೇ ಇಲ್ಲ ಅಂತ ಅರ್ಥ. ಟ್ರಂಕ್‌ಗೆ ಸೇರಿಸಿದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ. ಕಾನ್ಫಿಗ್ ಮೋಡ್‌ನಲ್ಲಿ 'ವಿಲ್ಯಾನ್ 30' ಅಂತ ಬರೆದು ಹೊರಗೆ ಬನ್ನಿ. ಕ್ಯಾಮೆರಾ ಪೋರ್ಟ್‌ಗಳು ಆಕ್ಸೆಸ್ ಮೋಡ್‌ನಲ್ಲಿ (ಒಂದೇ ವಿಲ್ಯಾನ್‌ಗೆ ಸೇರಿಸಿ) 30ಕ್ಕೇ ಇವೆಯಾ, ಅದನ್ನೂ ನೋಡಿ.

ದಾವಣಗೆರೆ_ಲ್ಯಾಬ್:
ಅದೇ ಆಗಿತ್ತು ಸರ್, ಎರಡನೇ ಪಟ್ಟಿಯಲ್ಲಿ 30 ಇರಲಿಲ್ಲ. ಈಗ ಕ್ಯಾಮೆರಾಗಳು ಬಂದವು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೇವ್ ಮಾಡಲಾ?

ಕನ್ಸೋಲ್_ಕೇಬಲ್:
ಮಾಡಿ. ಮಲಗುವ ಮುಂಚೆ 'ಶೋ ರೀಲೋಡ್' ಒಂದು ಕೊಡಿ. ಯಾವ ರೀಲೋಡೂ ಬಾಕಿ ಇಲ್ಲ ಅಂತ ಬರಬೇಕು.